ಜನರೇಟರ್ ಪಂಡಿತ

ಜನರೇಟರ್ ಪಂಡಿತ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇರಳವಾಗಿ ಕಾಣಿಸಿಕೊಳ್ಳುತ್ತಾನೆ. ಗಾಳಿಮಳೆಗೆ ಮರ ಬಿದ್ದು, ತಂತಿ ಹರಿದು, ಕರೆಂಟ್ ಹೋಗಬೇಕು. ಯಾರದೋ ಮನೆಯ ಜನರೇಟರ್ ನಾಲ್ಕು ನಿಮಿಷ ಗುಡುಗಿ ಥಟ್ಟನೆ ನಿಲ್ಲಬೇಕು. ಬೇಲಿಯಾಚೆಯಿಂದ ಟಾರ್ಚಿನ ಬೆಳಕು ಹೊರಟಿತೆಂದೇ ಲೆಕ್ಕ. ಮೊಣಕಾಲಿಗೆ ಎತ್ತಿಕಟ್ಟಿದ ಲುಂಗಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಸ್ಪ್ಯಾನರ್ ಇವನ ಲಕ್ಷಣಗಳು. ಶುಲ್ಕ ಎರಡು ಲೋಟ ಕಾಫಿ.

ಚಿಕಿತ್ಸೆ ಸದಾ ಸ್ಪಾರ್ಕ್ ಪ್ಲಗ್‌ನಿಂದಲೇ ಶುರು. ಅದನ್ನು ಬಿಚ್ಚಿ, ಮೂಸಿ, ಉಪ್ಪುಕಾಗದದಲ್ಲಿ ಉಜ್ಜಿ, "ನೋಡಿ ಭಟ್ರೇ, ಎಂಥಾ ಕರಿ!" ಎನ್ನುತ್ತಾನೆ. ಆಮೇಲೆ ಏರ್ ಫಿಲ್ಟರ್, ಪೆಟ್ರೋಲ್ ಪೈಪು, ಕಾರ್ಬ್ಯುರೇಟರ್. ಸಂಶಯ ಪೂರ್ತಿ ಸುಳ್ಳಲ್ಲ. ಫಿಲ್ಟರ್ ಕಟ್ಟಿಕೊಂಡರೆ, ಟ್ಯಾಂಕಿನ ಮುಚ್ಚಳದ ಗಾಳಿತೂತು ಮುಚ್ಚಿದರೆ, ಹೊರೆ ಬಿದ್ದಾಗ ಇಂಜಿನ್ ಉಸಿರುಗಟ್ಟಿ ನಿಲ್ಲುವುದುಂಟು. ಆದರೆ ಮನೆಯೊಳಗೆ ಏನೇನು ಆನ್ ಇದೆ ಎಂದು ಪಂಡಿತ ಜನ್ಮದಲ್ಲಿ ಕೇಳುವುದಿಲ್ಲ.

ಈ ಟಿಪ್ಪಣಿಗೆ ಆಧಾರವಾದ ಮನೆಯ ಯಂತ್ರ 3 ಕೆವಿಎ. 0.8 ಪವರ್ ಫ್ಯಾಕ್ಟರ್ ಲೆಕ್ಕದಲ್ಲಿ ಅದು ಕೊಡುವುದು 2.4 ಕಿಲೋವ್ಯಾಟ್. ಗೀಸರ್ ಒಂದೇ 2 ಕಿಲೋವ್ಯಾಟ್ ನುಂಗುತ್ತದೆ. ಮೇಲೆ ಅರ್ಧ ಎಚ್‌ಪಿ ಪಂಪು. ಹೊರಡುವ ಕ್ಷಣದಲ್ಲಿ ಅದು ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು. ಪಂಡಿತ ರಾತ್ರಿ 8ರಿಂದ 11ರೊಳಗೆ ಮೂರು ಸಲ ಯಂತ್ರ ಬಿಚ್ಚಿದ. ಮೂರು ಸಲವೂ ಲೋಡ್ ಕೊಡದೆ ಓಡಿಸಿ, "ಹೊಸದರ ಹಾಗಿದೆ" ಎಂದ. ಮೂರು ಸಲವೂ ಪಂಪಿನ ಸ್ವಿಚ್ ಹಾಕಿದ್ದೇ ಕತ್ತಲು. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಅದನ್ನು ಕಂಪನಿಯವರು ಹೆಚ್ಚಿಗೆ ಹಾಕಿದ್ದರಂತೆ. ಕೊನೆಗೆ ಅಡುಗೆಮನೆಯಿಂದ ಅಜ್ಜಿಯ ದನಿ ಬಂತು: "ಬಚ್ಚಲೊಲೆ ಉರೀತಾ ಇದೆ, ಆ ಗೀಸರ್ ಯಾಕ್ರೋ?" ಗೀಸರ್ ಆರಿತು, ಪಂಪು ಓಡಿತು. ಗೀಸರ್ ಆನ್ ಇದ್ದದ್ದು ಮನೆ ಯಜಮಾನನಿಗೆ ಮೊದಲೇ ಗೊತ್ತಿತ್ತು. ಅವನು ಇದನ್ನು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು.

ಈಚೆಗೆ ಮನೆಮನೆಗೂ ಇನ್ವರ್ಟರ್ ಬಂದು ಪಂಡಿತನ ಸಂತತಿ ಕ್ಷೀಣಿಸಿದೆ. ಇನ್ವರ್ಟರಿನಲ್ಲಿ ಮೂಸಲು ಪ್ಲಗ್ ಇಲ್ಲ. ಕರೆಂಟ್ ಹೋದರೆ ದೀಪ ಉರಿಯುತ್ತದೆ, ಬೇಲಿ ದಾಟಿ ಯಾರೂ ಬರುವುದಿಲ್ಲ. ಎರಡು ಲೋಟ ಕಾಫಿಪುಡಿ ಉಳಿಯುತ್ತದೆ.

ಹೊರೆ ಬಿದ್ದಾಗ ಜನರೇಟರ್ ನಿಂತರೆ ಮೊದಲು ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಒಂದೊಂದಾಗಿ ಹಾಕುತ್ತ ಬರಬೇಕು. ಪ್ಲಗ್ ಬಿಚ್ಚುವುದು ಆಮೇಲಿನ ಮಾತು.