ಚೌಕಟ್ಟಿನೊಳಗಿರುವ ಒಡಂಬಡಿಕೆಗೆ

ಶ್ರೀಮನ್ಮಹಾ ಒಡಂಬಡಿಕೆಯವರ ಸನ್ನಿಧಾನಕ್ಕೆ, ರಸಾಯನಶಾಸ್ತ್ರ ವಿಭಾಗದ ಕೊನೆಯ ಕೋಣೆಯಿಂದ ಸಂಶೋಧನಾ ವಿದ್ಯಾರ್ಥಿಯೊಬ್ಬನ ವಿಜ್ಞಾಪನೆಗಳು.

ಇತ್ತ ಕ್ಷೇಮ. ಅತ್ತಲಿನ ಕ್ಷೇಮ ಕೇಳುವ ಅಗತ್ಯವಿಲ್ಲ. ಸಹಿಗೆಂದು ದೊಡ್ಡವರ ಕೊಠಡಿಗೆ ಹೋದಾಗಲೆಲ್ಲ ಗೋಡೆಯ ಮೇಲೆ, ತೇಗದ ಚೌಕಟ್ಟಿನೊಳಗೆ ತಮ್ಮ ದರ್ಶನವಾಗುತ್ತದೆ. ಎರಡು ವಿಶ್ವವಿದ್ಯಾಲಯಗಳ ಮುದ್ರೆ, ನಾಲ್ಕು ಸಹಿ. ಸುಧಾರಿತ ವಸ್ತುವಿಜ್ಞಾನದಲ್ಲಿ ಜಂಟಿ ಸಂಶೋಧನೆ, ಉಪಕರಣಗಳ ಹಂಚಿಕೆ, ವಿದ್ಯಾರ್ಥಿ ವಿನಿಮಯ. ತಾವು ಹುಟ್ಟಿದ ದಿನ ತೆಗೆದ ಗುಂಪುಚಿತ್ರದ ಹಿಂದಿನ ಸಾಲಿನಲ್ಲಿ ನಾನೂ ಇದ್ದೇನೆ. ಅಂದು ವಿನಿಮಯವಾದದ್ದನ್ನು ಕಣ್ಣಾರೆ ಕಂಡಿದ್ದೇನೆ: ಎರಡು ಮೈಸೂರು ಪೇಟ, ಎರಡು ಹೂಗುಚ್ಛ.

ನನ್ನ ಕೆಲಸ ತಮಗೆ ಗೊತ್ತಿರಲಾರದು. ನಮ್ಮದು ದಹನ ವಿಧಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲರು 1988ರಲ್ಲಿ ಪ್ರಕಟಿಸಿದ್ದು. ಅಲ್ಯೂಮಿನಿಯಂ ನೈಟ್ರೇಟನ್ನೂ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ, 500 ಡಿಗ್ರಿಗೆ ಕಾದ ಮಫಲ್ ಕುಲುಮೆಯಲ್ಲಿಟ್ಟರೆ ದ್ರಾವಣ ಕುದಿದು, ನೊರೆಯುಬ್ಬಿ, ಭಗ್ಗನೆ ಹೊತ್ತಿಕೊಳ್ಳುತ್ತದೆ. ಜ್ವಾಲೆಯ ಬಿಸಿ ತಾನಾಗಿ 1600 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಐದು ನಿಮಿಷದೊಳಗೆ ಬೋಗುಣಿ ತುಂಬ ಮಂಡಕ್ಕಿಯಷ್ಟು ಹಗುರಾದ ಬಿಳಿ ಅಲ್ಯೂಮಿನಾ. ಅಪ್ಪ ಹೊಲಕ್ಕೆ ಎರಚುವ ಯೂರಿಯಾವೇ ಇಲ್ಲಿ ಉರುವಲು. ಬಡವರ ಪಾಲಿಗೆ ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಯೂರಿಯಾ ಸಾಲದೆಂದು ತುಳಸಿ, ನುಗ್ಗೆ, ಲೋಳೆಸರಗಳ ರಸವನ್ನೂ ಹಿಂಡಿ ಸುಟ್ಟಿದ್ದೇವೆ. ನಮ್ಮ ಕ್ಯಾಂಪಸ್ಸಿನಲ್ಲಿ ಲೇಖನವಾಗದೆ ಉಳಿದ ಗಿಡ ಬಹುಶಃ ಪಾರ್ಥೇನಿಯಂ ಒಂದೇ.

ಆದರೆ ಪುಡಿ ಆಯಿತೆಂದರೆ ಸಾಲದು, ಅದು ಏನೆಂದು ತಿಳಿಯಬೇಕಲ್ಲ? ಹರಳಿನ ರಚನೆಗೆ ಎಕ್ಸ್-ರೇ ವಿವರ್ತನೆ, ಕಣದ ಗಾತ್ರಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಇದಕ್ಕೆಂದೇ ಉಪಕರಣ ಹಂಚಿಕೆಯ ತಮ್ಮ ನಾಲ್ಕನೇ ಕಲಮು ಇದೆ. ಅದನ್ನು ಉಲ್ಲೇಖಿಸಿ ಆ ಕಡೆಯವರಿಗೆ ಬರೆದೆ. ಮೂರು ವಾರಕ್ಕೆ ಮರುಪ್ರಶ್ನೆ ಬಂತು: ‘ಯಾವ ಒಡಂಬಡಿಕೆ?’ ಕೊನೆಗೆ ಸ್ಯಾಂಪಲ್ಲುಗಳನ್ನು ಪುಟ್ಟ ನಳಿಕೆಗಳಲ್ಲಿ ತುಂಬಿ, ಊರಿನ ಹುಡುಗನೊಬ್ಬನ ಕೈಯಲ್ಲಿ ರಾತ್ರಿ ಬಸ್ಸಿಗೆ ಕಳಿಸಿ, ಪರೀಕ್ಷೆಯ ಶುಲ್ಕವನ್ನು ಕೈಯಿಂದಲೇ ಕಟ್ಟಿದೆ. ಐದು ನಿಮಿಷದಲ್ಲಿ ಹುಟ್ಟಿದ ಕೂಸಿನ ಜಾತಕ ಬರೆಸಲು ಐದು ತಿಂಗಳು ಹಿಡಿಯಿತು.

ಕೈ ಎಂದೆನಲ್ಲ, ಅದರಲ್ಲಿ ಏನಿತ್ತು ಎಂದು ತಾವು ಕೇಳಬಹುದು. ನನ್ನ ಹುದ್ದೆಯ ಜಾಹೀರಾತು ಬಹಳ ಪ್ರಾಮಾಣಿಕವಾಗಿತ್ತು: ಸಂಪೂರ್ಣ ತಾತ್ಕಾಲಿಕ, ಯೋಜನೆ ಮುಗಿದರೆ ಹುದ್ದೆಯೂ ಮುಗಿಯಿತು, ಸಂದರ್ಶನಕ್ಕೆ ಪ್ರಯಾಣ ಭತ್ಯೆ ಇಲ್ಲ. ದೇಶದ ಸಂಶೋಧನಾ ವಿದ್ಯಾರ್ಥಿಗಳು ಫಲಕ ಹಿಡಿದು ಬೀದಿಗಿಳಿದ ಮೇಲೆ ಕಿರಿಯ ಫೆಲೋಶಿಪ್ ಮಾಸಿಕ 31,000ದಿಂದ 37,000 ರೂಪಾಯಿಗೆ ಏರಿತು, 2023ರ ಜನವರಿಯಿಂದ ಅನ್ವಯ. ‘ಮಾಸಿಕ’ ಎಂಬ ಮಾತನ್ನು ಮಾತ್ರ ಅಕ್ಷರಶಃ ಓದಬಾರದು. ಅನುದಾನದ ಬಳಕೆ ಪ್ರಮಾಣಪತ್ರ ಯಾವುದೋ ಮೇಜಿನ ಮೇಲೆ ತಪಸ್ಸಿಗೆ ಕೂತಿತ್ತು. ಏಳು ತಿಂಗಳ ಬಾಕಿ ಒಟ್ಟಿಗೆ ಬಂದಾಗ ಅಮ್ಮ, ಮಗನಿಗೆ ಬೋನಸ್ ಸಿಕ್ಕಿದೆಯೆಂದು ಓಣಿಗೆಲ್ಲ ಪೇಡೆ ಹಂಚಿದಳು.

ಮೇಲಿನ ಲೋಕದಲ್ಲಿ ಬರವಿಲ್ಲವೆಂದು ಕೇಳಿದ್ದೇನೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿಯ ಅಂದಾಜು. ಅದರಲ್ಲಿ 36,000 ಕೋಟಿ ಉದ್ಯಮಗಳೇ ಮೊದಲಾದ ಸರ್ಕಾರೇತರ ಮೂಲಗಳಿಂದ ಬರಬೇಕಂತೆ. ಅದರ ಒಂದು ಯೋಜನೆಯಲ್ಲಿ ದೊಡ್ಡ ಸಂಸ್ಥೆ ಚಕ್ರದ ಹಬ್ಬು, ನಮ್ಮಂಥವರು ಕಡ್ಡಿಗಳು. ಉಪಮೆ ಚೆನ್ನಾಗಿದೆ. ಸೈಕಲ್ಲಿನ ಕಡ್ಡಿ ಸಡಿಲವಾದರೆ ಬಿಗಿಮಾಡಲು ಅಂಗಡಿಯವನ ಬಳಿ ಒಂದು ಕೀ ಇರುತ್ತದೆ. ಇಲ್ಲಿ ಅದು ಯಾರ ಜೇಬಿನಲ್ಲಿದೆಯೋ ತಿಳಿಸಿದರೆ ಉಪಕಾರ.

ತಮ್ಮ ಕುಲವನ್ನೆಲ್ಲ ದೂರುವಷ್ಟು ಕೃತಘ್ನನಲ್ಲ. 2008ರಲ್ಲಿ ಶುರುವಾದ ಬಳಕೆದಾರರ ಕಾರ್ಯಕ್ರಮವೊಂದರಲ್ಲಿ ಹೊರಗಿನ ಹುಡುಗ-ಹುಡುಗಿಯರೂ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರಕ್ಕೆ ಹೋಗಿ ತರಬೇತಿ ಪಡೆದು ಕೆಲಸ ಮಾಡುತ್ತಾರೆ. ಹೋಗಿಬಂದ ಗೆಳತಿಯನ್ನು ಗೋಡೆಯ ಮೇಲೆ ಏನಿತ್ತು ಎಂದು ಕೇಳಿದೆ. ‘ಯಂತ್ರದ ಪಾಳಿಯ ಪಟ್ಟಿ’ ಎಂದಳು.

ಬರುವ ಮಾರ್ಚಿಗೆ ತಮಗೆ ಐದು ತುಂಬುತ್ತದೆ. ನವೀಕರಣಕ್ಕೆ ಶಾಮಿಯಾನದವನಿಗೆ ಮುಂಗಡ ಹೋಗಿದೆ, ಪೇಟಗಳ ಲೆಕ್ಕ ನನ್ನ ಪಾಲಿಗೇ ಬಂದಿದೆ. ನನ್ನ ಅಹವಾಲು ಇಷ್ಟೆ: ಅತಿಥಿಗಳು ಹಿಂದಿರುಗುವಾಗ ಹೂಗುಚ್ಛದ ಪಕ್ಕದಲ್ಲಿ ಜಾಗವಿದ್ದರೆ ನನ್ನ ಹನ್ನೆರಡು ನಳಿಕೆಗಳನ್ನೂ ಕೊಂಡೊಯ್ಯಲಿ. ಪುಡಿಯ ಒಟ್ಟು ತೂಕ ಆರು ಗ್ರಾಂ.

ಇಂತಿ ತಮ್ಮ,
ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವನು