ಹಳೆಯ ಕಂಪ್ಯೂಟರ್‌ಗಳನ್ನು ಬಿಳುಪಾಗಿಸುವವರಿಗೊಂದು ಬಹಿರಂಗ ಪತ್ರ

ಹಳೆಯ ಯಂತ್ರಗಳನ್ನು ಪ್ರೀತಿಸುವ ಗೆಳೆಯರೇ,

ನೀವು ತಾರಸಿಯ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ತುಂಬಿದ ಡಬ್ಬಿಯಲ್ಲಿ ಕೀಬೋರ್ಡು, ಮೌಸುಗಳ ಹೊರಕವಚ ಮುಳುಗಿಸಿ ಬಿಸಿಲಿಗಿಡುವುದನ್ನು ನೋಡುತ್ತಾ ಬಂದಿದ್ದೇನೆ. ಸಂಜೆಯ ಹೊತ್ತಿಗೆ ಹಳದಿ ಇಳಿದು ಮೊದಲಿನ ಬಣ್ಣ ಕಾಣಿಸಿಕೊಂಡಾಗ ಆಗುವ ಸಂತೋಷ ನನಗೂ ಗೊತ್ತು. ಆದರೂ ನಿಮ್ಮನ್ನು ತಡೆದು ಒಂದು ಮಾತು ಹೇಳಬೇಕಾಗಿದೆ.

1990ರ ದಶಕದಲ್ಲಿ ನಮ್ಮ ಮನೆಯ ಕಿಟಕಿ ಪಕ್ಕದಲ್ಲಿ ಡಿಟಿಪಿ ಕೆಲಸಕ್ಕೆ ದುಡಿದ ಕೀಬೋರ್ಡ್ ಒಂದಿದೆ. ಅಮ್ಮ ಅದನ್ನು ಕೊಳೆಯೆಂದುಕೊಂಡು ಸೋಪಿನ ನೀರು ಹಚ್ಚಿ ತಿಕ್ಕಿದರು. ಧೂಳು ಹೋಯಿತು, ಹಳದಿ ಹೋಗಲಿಲ್ಲ. ಕೊಳೆ ಮೇಲೆ ಕೂತಿರುತ್ತದೆ. ಈ ಹಳದಿ ಪ್ಲಾಸ್ಟಿಕ್ಕಿನ ಮೈಯೇ ಆಗಿಬಿಟ್ಟಿರುತ್ತದೆ.

ಆ ಕಾಲದ ಹೆಚ್ಚಿನ ಹೊರಕವಚಗಳು ಎಬಿಎಸ್ ಪ್ಲಾಸ್ಟಿಕ್ಕಿನವು. ಅಕ್ರಿಲೋನೈಟ್ರೈಲ್, ಬ್ಯುಟಾಡೈಯೀನ್, ಸ್ಟೈರೀನ್ ಎಂಬ ಮೂರು ಸೇರಿ ಆಗಿರುವಂಥದ್ದು. ಬ್ಯುಟಾಡೈಯೀನ್ ಅದರೊಳಗಿನ ರಬ್ಬರಿನ ಅಂಶ. ಕೈಜಾರಿ ಬಿದ್ದರೂ ಒಡೆಯದಂತೆ ಕಾಯುವುದು ಅದೇ, ಮೊದಲು ಕೆಡುವುದೂ ಅದೇ. ಅದರ ಅಣುಸರಪಳಿಯಲ್ಲಿ ಜೋಡಿಬಂಧಗಳಿವೆ. ಬಿಸಿಲಿನ ಅತಿನೇರಳೆ ಕಿರಣ ತಾಗಿತೆಂದರೆ ಗಾಳಿಯ ಆಮ್ಲಜನಕ ಅಲ್ಲೇ ಬಂದು ಸೇರಿಕೊಳ್ಳುತ್ತದೆ. ಹಾಗೆ ಹುಟ್ಟುವ ಹೊಸ ರಚನೆಗಳು ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ; ನೀಲಿ ಕಳೆದುಕೊಂಡ ಬಿಳಿ ಬೆಳಕು ನಮ್ಮ ಕಣ್ಣಿಗೆ ಹಳದಿ. ಬಿಸಿಲೇ ಬೇಕೆಂದಿಲ್ಲ, ಬರೀ ಸೆಕೆಯಿದ್ದರೂ ಇದೇ ಕೆಲಸ ನಿಧಾನವಾಗಿ ಸಾಗುತ್ತದೆ. ಹಂಚಿನ ಮನೆಯ ಅಟ್ಟದಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ ಬೆಳಕೇ ಕಾಣದೆ ಕುಳಿತಿದ್ದ ನಮ್ಮ ಮೌಸ್ ಹಳದಿಯಾದದ್ದು ಹೀಗೆ.

ಬ್ರೋಮಿನ್ನೇ ಇದಕ್ಕೆಲ್ಲ ಕಾರಣ ಎಂಬ ಮಾತು ನಮ್ಮವರಲ್ಲಿ ಬೇರೂರಿದೆ. ಬೆಂಕಿ ಬೇಗ ಹತ್ತದಿರಲೆಂದು ಬ್ರೋಮಿನ್ ಸಂಯುಕ್ತ ಬೆರೆಸುತ್ತಿದ್ದದ್ದು ನಿಜ, ಬೆಳಕಿಗೆ ಅದು ಕೆಡುವುದೂ ನಿಜ. ಆದರೆ ಬ್ರೋಮಿನ್ ಇಲ್ಲದ ಎಬಿಎಸ್ ಕೂಡ ಹಳದಿಯಾಗುತ್ತದೆ. ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. 1990ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೂಪರ್ ನಿಂಟೆಂಡೊ ಆಟದ ಯಂತ್ರಗಳನ್ನು ನೋಡಿ. ಅದೇ ಕೋಣೆ, ಅದೇ ಬೆಳಕು; ಆದರೂ ಕೆಲವು ಯಂತ್ರಗಳಲ್ಲಿ ಒಂದು ಅರ್ಧ ಗಾಢ ಹಳದಿ, ಇನ್ನೊಂದು ಅರ್ಧ ಬೂದು ಬಣ್ಣದಲ್ಲೇ ಉಳಿದಿದೆ. ಆಪಲ್‌ನ ಎಕ್ಸ್‌ಟೆಂಡೆಡ್ ಕೀಬೋರ್ಡಿನ ಕೀಗಳಲ್ಲಿ ಸ್ಪೇಸ್ ಬಾರ್ ಮಾತ್ರ ಹಳದಿ. ಉಳಿದ ಕೀಗಳು ಪಿಬಿಟಿ ಎಂಬ ಬೇರೆ ಪ್ಲಾಸ್ಟಿಕ್ಕಿನವು, ಸ್ಪೇಸ್ ಬಾರ್ ಎಬಿಎಸ್. ಅಚ್ಚಿಗೆ ಹೊಯ್ದ ದಿನ ಅದರಲ್ಲಿ ಏನೇನು ಬೆರೆತಿತ್ತೋ ಅದರ ಮೇಲೆ ಇಷ್ಟೆಲ್ಲ ನಿಂತಿದೆ.

ಇನ್ನು ನಿಮ್ಮ ಪೆರಾಕ್ಸೈಡ್. 2008ರ ಹೊತ್ತಿಗೆ ರೆಟ್ರೋಬ್ರೈಟ್ ಎಂಬ ಹೆಸರಿನಲ್ಲಿ ಈ ವಿಧಾನ ಹಬ್ಬಿತು. ಅದು ಬಣ್ಣ ಕೊಡುವ ರಚನೆಗಳನ್ನು ಒಡೆಯುತ್ತದೆ, ಅಷ್ಟೇ. ಕಡಿದುಹೋದ ರಬ್ಬರಿನ ಸರಪಳಿಯನ್ನು ಮತ್ತೆ ಬೆಸೆಯಲು ಅದರಿಂದಾಗದು. ಆದ್ದರಿಂದಲೇ ಬಿಳುಪಾಗಿಸಿದ ಎಷ್ಟೋ ಯಂತ್ರಗಳು ಪೆಟ್ಟಿಗೆಯೊಳಗೇ ಮತ್ತೆ ಹಳದಿಗೆ ತಿರುಗುತ್ತವೆ. ಮುಳುಗಿಸುವ ಬದಲು ಪೆರಾಕ್ಸೈಡಿನ ಕ್ರೀಮು ಹಚ್ಚಿದಾಗ ಅದು ಒಂದೆಡೆ ಒಣಗಿ ಇನ್ನೊಂದೆಡೆ ಹಸಿಯಾಗಿದ್ದರೆ ಮೈಮೇಲೆ ಪಟ್ಟೆಗಳೇಳುತ್ತವೆ. ಆ ಪಟ್ಟೆ ತೆಗೆಯುವುದು ಹಳದಿ ತೆಗೆಯುವುದಕ್ಕಿಂತ ಕಷ್ಟ. ಕೂದಲಿಗೆ ಹಚ್ಚುವ ಶೇ. 12ರ ಕ್ರೀಮು ಬರಿಗೈಗೆ ತಾಗಿದರೆ ಚರ್ಮ ಬೆಳ್ಳಗಾಗಿ ಉರಿಯುತ್ತದೆ. ಕೈಗವಸು, ಕನ್ನಡಕ ಇಲ್ಲದೆ ದಯವಿಟ್ಟು ಮುಟ್ಟಬೇಡಿ.

ನಮ್ಮ ಕೀಬೋರ್ಡಿನ ಕೀಗಳ ಮೇಲೆ ಕನ್ನಡ ಅಕ್ಷರಗಳ ಅಂಟುಚೀಟಿಗಳಿದ್ದವು. ಮೊನ್ನೆ ಒಂದನ್ನು ಕಿತ್ತೆ. ಅಡಿಯಲ್ಲಿ ಪುಟ್ಟ ಚೌಕವೊಂದು ಹೆಚ್ಚುಕಡಿಮೆ ಮೊದಲಿನ ಬಣ್ಣದಲ್ಲೇ ಇತ್ತು, ಸುತ್ತ ಅಷ್ಟು ವರ್ಷಗಳ ಬಿಸಿಲು. ಆ ಗುರುತು ಇರುವವರೆಗೆ, ಇದು ಕಿಟಕಿ ಪಕ್ಕದಲ್ಲಿತ್ತು, ಇದರಲ್ಲಿ ಕನ್ನಡ ಮೂಡಿತ್ತು ಎಂದು ನೋಡಿದವರಿಗೆ ತಿಳಿಯುತ್ತದೆ. ಪೆರಾಕ್ಸೈಡಿನ ಡಬ್ಬಿಗೆ ಇಳಿಸಿದರೆ ಮೊದಲು ಅಳಿಸಿಹೋಗುವುದು ಅದೇ.

ನಿಮ್ಮಲ್ಲಿ ಅಂಥ ಯಂತ್ರವೊಂದಿದ್ದರೆ ಕಿಟಕಿಯಿಂದ ದೂರ, ತಂಪಾದ ಕಪಾಟಿನಲ್ಲಿಡಿ. ಹಳದಿಯಾಗಿದ್ದರೆ ಹಾಗೇ ಇರಲಿ ಬಿಡಿ.

ಇತಿ,
ನಿಮ್ಮವನೇ ಆದ ಒಬ್ಬ