ಸಮಕ್ಕೆ ಸರಿಯಾಗಿ ನಿಲ್ಲುವ ನೆಟ್

ಧಾರವಾಡದಲ್ಲಿ ಮನೆ ಮಾಡಿದವನಿಗೆ ಎರಡು ಚಟ ತಾವಾಗಿಯೇ ಅಂಟಿಕೊಳ್ಳುತ್ತವೆ. ಒಂದು, ಫೇಡೆ ತಿನ್ನುವುದು. ಇನ್ನೊಂದು, ಸಂಗೀತ ಬಲ್ಲವರ ಹಾಗೆ ತಲೆ ಆಡಿಸುವುದು. ಮೊದಲನೆಯದರ ಫಲ ನನ್ನ ಹೊಟ್ಟೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಎರಡನೆಯದರ ಫಲವಾಗಿ ಮನೆಗೆ ಬಂದದ್ದು ಫೈಬರ್ ಇಂಟರ್ನೆಟ್ಟು, ಒಂದು ಬ್ಲೂಟೂತ್ ಸ್ಪೀಕರು ಮತ್ತು ಹೆಂಡತಿಯ ಅಸಮಾಧಾನ.

“ಧಾರವಾಡ ಆಕಾಶವಾಣಿ 1950ರಿಂದ ಪುಕ್ಕಟೆ ಹಾಡಾಕತ್ತೈತಿ. ಅದು ಸಾಲಲಿಲ್ಲೇನ್ರಿ ನಿಮಗ?”

ಸಾಲಲಿಲ್ಲ. ಆದರೆ ರೇಡಿಯೋ ಕೆಟ್ಟರೆ ತಲೆಗೆ ಒಂದೇಟು ಹಾಕಿದರೆ ಹಾಡುತ್ತಿತ್ತು. ಮೊಡೆಮ್‌ಗೆ ಹಾಕಿ ನೋಡಿದೆ. ಇದ್ದ ದೀಪವೂ ಆರಿತು.

ರೋಗದ ಲಕ್ಷಣ ಇಷ್ಟೆ: ಕೇಳುತ್ತಿದ್ದ ಹಾಡು ನಡುವೆ ಕಡಿಯುವುದು. ಮಲ್ಲಿಕಾರ್ಜುನ ಮನಸೂರರ ತಾನುಗಳು ಬಿಡುವಿಲ್ಲದೆ ಹರಿಯುವುದರಿಂದ ಅಲ್ಲಿ ನಿಂತರೆ ನೆಟ್ಟಿನದೇ ಕಿತಾಪತಿ ಎಂದು ತಕ್ಷಣ ಗೊತ್ತಾಗುತ್ತದೆ. ಕಿರಾಣಾ ಘರಾಣೆಯ ಗಂಗೂಬಾಯಿ ಹಾನಗಲ್ಲರ ವಿಲಂಬಿತಕ್ಕೆ ಬಂದರೆ ಕಷ್ಟ. ಅಲ್ಲಿ ಮೌನಕ್ಕೂ ಸ್ವರದಷ್ಟೇ ಬೆಲೆ. ಒಂದು ಸಂಜೆ ಅಂಥದ್ದೊಂದು ಮೌನದಲ್ಲಿ ಕಣ್ಣು ಮುಚ್ಚಿ, “ಆಹಾ, ಎಂಥಾ ಠಹರಾವ್!” ಎಂದು ಮೈಮರೆತಿದ್ದೆ. ಹೆಂಡತಿ ಮೇಣದ ಬತ್ತಿ ಹಿಡಿದು ಬಂದು, “ಕರೆಂಟ್ ಹೋಗಿ ಭಾಳ ಹೊತ್ತಾತ್ರಿ” ಎಂದಳು.

ಇದಕ್ಕಿಂತ ವಿಚಿತ್ರವೆಂದರೆ ಹಾಡು ಹೆಚ್ಚಾಗಿ ಕಡಿಯುತ್ತಿದ್ದದ್ದು ಸಮದ ಮೇಲೆ. ಏಕತಾಲದ 12 ಮಾತ್ರೆ ಸುತ್ತಿ, ಗಾಯಕರು ಬಂದಿಶಿನ ಮುಖಡಾ ಹಿಡಿದು ಸಮಕ್ಕೆ ಇಳಿಯುತ್ತಾರೆ, ನಾನು “ವಾಹ್!” ಎಂದು ದಿಂಬಿಗೆ ಒರಗುತ್ತೇನೆ, ಹಾಡು ಕಟ್. ತಾಳಜ್ಞಾನ ಇರುವ ಮೊಡೆಮ್ ಜಗತ್ತಿನಲ್ಲೇ ಇದೊಂದು ಎನ್ನಿಸಿತು.

ಮೊದಲು ಸ್ಪೀಡು ಏರಿಸಿದೆ. 40 ಎಂಬಿಪಿಎಸ್ ಇದ್ದದ್ದು 100 ಆಯಿತು, ಅದೂ ಸಾಲದೆ 300. ವರ್ಷದ ಹಣ ಮುಂಗಡ ಕಟ್ಟಿ ಬಂದ ದಿನ ಮಗಳು ಲೆಕ್ಕ ಒಪ್ಪಿಸಿದಳು. ಒಳ್ಳೆಯ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 320 ಕಿಲೋಬಿಟ್ ಧಾರಾಳ. ಸಿ.ಡಿ.ಯಲ್ಲಿ ಇದ್ದದ್ದನ್ನು ಒಂದಿಷ್ಟೂ ಕುಗ್ಗಿಸದೆ ಕಳಿಸಿದರೂ ಬೇಕಾದದ್ದು 1,411 ಕಿಲೋಬಿಟ್, ಅಂದರೆ ಒಂದೂವರೆ ಎಂಬಿಪಿಎಸ್ ಒಳಗೇ. “ಈಗ ನೀ ಒಮ್ಮೆಲೇ ಒಂಬೈನೂರು ಹಾಡು ಹಚ್ಚಬಹುದು ನೋಡಪ್ಪಾ” ಎಂದಳು. ಕಿವಿ ಮಾತ್ರ ಹಳೆಯ ಪ್ಲಾನಿನವೇ, ಎರಡು.

ಆಮೇಲೆ ಮೊಡೆಮ್ ಇದ್ದ ಜಾಗದ ಮೇಲೆ ಕಣ್ಣು ಬಿತ್ತು. ಅದು ಮೂಲೆಕೋಣೆಯ ಉಕ್ಕಿನ ತಿಜೋರಿಯ ಹಿಂದೆ ಕೂತಿತ್ತು. ಉಕ್ಕು ಅಲೆಗಳನ್ನು ತಡೆಯುತ್ತದೆ. ಉಳಿದದ್ದನ್ನು ನಮ್ಮ ಹಳೆಮನೆಯ ಕಲ್ಲುಗೋಡೆ ನುಂಗುತ್ತದೆ. ಮನೆಯ ನಟ್ಟನಡುವೆ, ಎತ್ತರದಲ್ಲಿ ಇಡಬೇಕು ಎಂಬುದು ಶಾಸ್ತ್ರ. ಅಂಥ ಜಾಗ ಒಂದೇ ಇತ್ತು: ದೇವರ ಜಗಲಿ. ಅಲ್ಲಿಯವರೆಗೆ ಫೈಬರ್ ಎಳೆದು, ಜೋತು ಬೀಳದ ಹಾಗೆ ಮೊಳೆಗೆ ಬಿಗಿಯಾಗಿ ಎರಡು ಸುತ್ತು ಹಾಕಿದೆ. ಫೈಬರಿನೊಳಗೆ ಓಡುವುದು ಬೆಳಕು. ಗಾಜಿನ ಎಳೆಯನ್ನು ಅತಿಯಾಗಿ ಬಗ್ಗಿಸಿದರೆ ತಿರುವಿನಲ್ಲೇ ಸೋರಿಹೋಗುತ್ತದೆ. ಮೊಡೆಮ್ ಮೇಲೆ ಕೆಂಪು ದೀಪ ಮಿನುಗತೊಡಗಿತು. ಅವ್ವ ಸಂಜೆ ಅದಕ್ಕೂ ಕುಂಕುಮ ಹಚ್ಚಿ, ಕೈಮುಗಿದು, “ಛಲೋ ನಂದಾದೀಪ ತಂದಿ, ಎಣ್ಣಿ ಸೈತ ಬೇಕಾಗಿಲ್ಲ” ಎಂದು ಮೆಚ್ಚಿಕೊಂಡಳು. ಕನೆಕ್ಷನ್ ಕೊಟ್ಟ ಹುಡುಗ ಬಂದು ಮೊಳೆಯಿಂದ ಬಿಡಿಸುವವರೆಗೆ ಮನೆಯಲ್ಲಿ ಭಕ್ತಿ ಇತ್ತು, ನೆಟ್ ಇರಲಿಲ್ಲ.

ಮುಂದಿನದು ಚಾನೆಲ್. 2.4 ಗಿಗಾಹರ್ಟ್ಜ್ ವೈಫೈಯಲ್ಲಿ ಒಂದಕ್ಕೊಂದು ಮೈ ತಾಗಿಸದೆ ನಿಲ್ಲುವ ಚಾನೆಲ್‌ಗಳು ಮೂರೇ: 1, 6 ಮತ್ತು 11. ಆ್ಯಪ್ ಹಾಕಿ ನೋಡಿದರೆ ಓಣಿಗೆ ಓಣಿಯೇ 6ರಲ್ಲಿ ಕಿಕ್ಕಿರಿದಿತ್ತು. ನಾನು ಸದ್ದಿಲ್ಲದೆ 11ಕ್ಕೆ ಹೋದೆ. ಹೋದವನು ಸುಮ್ಮನಿರಬಾರದೆ? ಪಕ್ಕದ ಮನೆಯ ಮಾಸ್ತರರಿಗೆ ಕಟ್ಟೆಯ ಮೇಲೆ ಕೂತು ಈ ವಿದ್ಯೆಯನ್ನು ಪೂರ್ತಿ ಧಾರೆ ಎರೆದೆ. ಮಾಸ್ತರರು ಒಳ್ಳೆಯದನ್ನು ಒಬ್ಬರೇ ಇಟ್ಟುಕೊಳ್ಳುವವರಲ್ಲ. ವಾರ ಕಳೆಯುವುದರೊಳಗೆ ಓಣಿಯ ಸಮಸ್ತರೂ 11ಕ್ಕೆ ಬಂದಿಳಿದರು. 6 ಖಾಲಿ ಹೊಡೆಯುತ್ತಿತ್ತು. ನಾಚಿಕೆಯಿಂದ ನಾನು ಅಲ್ಲಿಗೇ ಮರಳಿದೆ.

ಅಡುಗೆಮನೆಯಿಂದ ಚಪಾತಿ ಸುತ್ತುವ ಫಾಯಿಲ್ ಕದ್ದು ಮೊಡೆಮ್ ಹಿಂದೆ ಕಮಾನಿನಂತೆ ನಿಲ್ಲಿಸಿದ್ದೂ ಉಂಟು. ಲೋಹ ಅಲೆಯನ್ನು ತಿರುಗಿಸಿ ಕಳಿಸುತ್ತದೆ ಎಂಬುದು ನಿಜ. ಯಾವ ದಿಕ್ಕಿಗೆ ಎಂಬುದು ನಿಲ್ಲಿಸಿದವನ ಬುದ್ಧಿಗೆ ಬಿಟ್ಟದ್ದು. ಪಡಸಾಲೆಯಲ್ಲಿ ಸಿಗ್ನಲ್ ಸತ್ತಿತು. ಹಿತ್ತಲ ಬಚ್ಚಲಮನೆಯಲ್ಲಿ ಅಮೋಘವಾಗಿ ಬರತೊಡಗಿತು.

ಕೊನೆಗೆ ಹುಬ್ಬಳ್ಳಿಯ ಅಂಗಡಿಯೊಂದರಿಂದ ತುದಿಗೆ ಚಿನ್ನದ ಲೇಪವಿದ್ದ ಲ್ಯಾನ್ ಕೇಬಲ್ ತಂದೆ. ಇದರಲ್ಲಿ ಹಾಡು ಹೆಚ್ಚು ಇಂಪಾಗಿ ಬರುತ್ತದೆ ಎಂದು ಅಂಗಡಿಯವ ಪ್ರಮಾಣ ಮಾಡಿದ್ದ. ಹಾಡು ಬರುವುದು ಅಂಕೆಗಳ ಪೊಟ್ಟಣಗಳಾಗಿ. ಒಂದು ಕಳೆದರೆ ಮತ್ತೆ ತರಿಸಿಕೊಳ್ಳುತ್ತದೆ. ಎಲ್ಲ ಬಂದ ಮೇಲೆ ಅವು ಯಾವ ತಂತಿಯಲ್ಲಿ ಬಂದವು ಎಂದು ಸ್ವರ ಕೇಳುವುದಿಲ್ಲ. ಇದನ್ನು ಮಗಳು ವಿವರಿಸುವ ಮೊದಲೇ ಇನ್ನೊಂದು ಸಂಗತಿ ಬೆಳಕಿಗೆ ಬಂತು: ಆ ಕೇಬಲ್ ಚುಚ್ಚಲು ನನ್ನ ಫೋನಿನಲ್ಲಿ ತೂತೇ ಇರಲಿಲ್ಲ.

ಮತ್ತೆ ಆ ಹುಡುಗನನ್ನೇ ಕರೆಸಿದೆ. ಅವನು ನನ್ನ ಫೋನಿನಲ್ಲಿ ಸ್ಪೀಡ್ ನೋಡಿದ, ತಲೆ ಕೆರೆದುಕೊಂಡ, ಆಮೇಲೆ, “ಸರ್, ದಿನಾ ಹೆಂಗ ಕೇಳ್ತೀರಿ, ಹಂಗ ಕುಂತು ತೋರಸ್ರಿ” ಎಂದ.

ಕೂತೆ. ಸ್ಪೀಕರು ಎದುರಿಗೆ, ಟಿ.ವಿ. ಪಕ್ಕದಲ್ಲಿ. ಕಲಾವಿದರಿಗೆ ಬೆನ್ನು ತೋರಿಸಬಾರದಲ್ಲ. ಫೋನು ರಸಭಂಗ ಮಾಡದಿರಲೆಂದು ಬೆನ್ನ ಹಿಂದೆ, ದಿಂಬಿನ ಸಂದಿಯಲ್ಲಿ. ಸಮ ಬಂತು. “ವಾಹ್!” ಎಂದು ಒರಗಿದೆ. ಹಾಡು ನಿಂತಿತು.

ಹುಡುಗನಿಗೆ ನಗು ತಡೆಯಲಾಗಲಿಲ್ಲ. “ನೆಟ್ ಫೋನಿನ ತನಕಾ ಛಲೋ ಬರಾಕತ್ತೈತ್ರಿ ಸರ್. ಫೋನಿನಿಂದ ಸ್ಪೀಕರಿಗೆ ಹೋಗೂದು ಬ್ಲೂಟೂತ್. ಅದೂ 2.4 ಗಿಗಾಹರ್ಟ್ಜೇ. ನೀರಂದ್ರ ಅದಕ್ಕ ಆಗಂಗಿಲ್ಲ. ಮನುಷ್ಯಾನ ಮೈಯಾಗ ಅರ್ಧಕ್ಕಿಂತ ಹೆಚ್ಚು ನೀರ ಇರತೈತಿ. ಇನ್ನ ನಿಮ್ಮ ಮೈ ಅಂದ್ರ...” ಮುಂದಿನ ಮಾತನ್ನು ಅವನು ಸೌಜನ್ಯದಿಂದ ನುಂಗಿಕೊಂಡ.

ಹೆಂಡತಿ ನುಂಗಿಕೊಳ್ಳಲಿಲ್ಲ. “ಹೊಟ್ಟಿ ಇಳಸ್ರಿ ಅಂತ ಡಾಕ್ಟರು ಬಡಕೊಂಡ್ರು, ಕೇಳಲಿಲ್ಲ. ಈಗ ನೋಡ್ರಿ, ಗಂಗೂಬಾಯಾರಿಗೂ ಅಡ್ಡ ಬಂತು.”

ಫೋನನ್ನು ಎದುರಿನ ಮೇಜಿನ ಮೇಲಿಟ್ಟೆ. ಒಂದು ಪೈಸೆ ಖರ್ಚಿಲ್ಲದೆ ಹಾಡು ಅಖಂಡವಾಗಿ ಹರಿಯಿತು. ಆದರೂ ಮನೆಯಲ್ಲಿ ಆದ ತೀರ್ಮಾನದಂತೆ ಮರುದಿನ ನಸುಕಿನಲ್ಲೇ ನನ್ನನ್ನು ಕೆಲಗೇರಿ ಕೆರೆಯ ಕಡೆಗೆ ಅಟ್ಟಲಾಯಿತು. ಗೇಟಿನಲ್ಲಿ ಮಾಸ್ತರರು ಸಿಕ್ಕರು.

“ಏನ್ರಿ, ಇಷ್ಟ ಲಗೂ ಎಲ್ಲಿಗೆ ಹೊಂಟ್ರಿ?”

“ವೈಫೈ ಸುಧಾರಸಾಕ” ಎಂದು ಮೊಟಕಾಗಿ ಹೇಳಿ ಮುಂದೆ ನಡೆದೆ.

ಮರುದಿನ ಮಾಸ್ತರರು ಹೊಸ ಬೂಟು ಹಾಕಿಕೊಂಡು ಗೇಟಿನಲ್ಲಿ ಕಾಯುತ್ತಿದ್ದರು. ಅವರ ಹಿಂದೆ ಓಣಿಯ ಅರ್ಧ ಜನ, ಮಂಕಿಕ್ಯಾಪಿನಲ್ಲಿ.